ಯಾವ ಮಹದೇವಸ್ವಾಮಿ?

ಹೋದ ವರ್ಷ ದೀಪಾವಳಿ ಕಳೆದ ಮೇಲಿನ ಮಾತು ಇದು. ನಾನು ಗುಂಡ್ಲುಪೇಟೆಯವಳು, ಹೆಸರು ನಾಜಿಮಾ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಚಾಮರಾಜನಗರದ ಒಂದು ಖಾಸಗಿ ಆಸ್ಪತ್ರೆಗೆ ಕೆಲಸಕ್ಕೆ ಹೋಗುತ್ತೇನೆ. ಅಲ್ಲಿನ ಕಂಪ್ಯೂಟರ್ ವಿಭಾಗ ಅಂದರೆ ನಾನೊಬ್ಬಳೇ. ನಾನು ರಜೆ ಹಾಕಿದರೆ ವಿಭಾಗಕ್ಕೂ ರಜೆ. ಮನೆಯಲ್ಲಿ ನನ್ನನ್ನು ಕರೆಯುವುದು ‘ಜಿದ್ದಿ’ ಎಂದು, ಹಿಡಿದ ಹಟ ಬಿಡದವಳು ಎಂಬ ಅರ್ಥದಲ್ಲಿ. ಅಮ್ಮೀ ಅದನ್ನು ಬೈಗುಳವಾಗಿಯೇ ಬಳಸುತ್ತಾರೆ. ಆ ಒಂದು ದಿನ ಮಾತ್ರ ಆ ಹಟ ಕೆಲಸಕ್ಕೆ ಬಂತು.

ನಮ್ಮ ಆಸ್ಪತ್ರೆಗೆ ಗುಂಡ್ಲುಪೇಟೆಯಲ್ಲೂ ಒಂದು ಶಾಖೆ ಇದೆ. ಇಲ್ಲಿನ ಆಸ್ಪತ್ರೆಗೆ ಒಂದು ಸಾಫ್ಟ್‌ವೇರ್, ಅಲ್ಲಿನ ಶಾಖೆಗೆ ಇನ್ನೊಂದು, ರಕ್ತಪರೀಕ್ಷೆಯ ಲ್ಯಾಬಿಗೆ ಮತ್ತೊಂದು, ಔಷಧಿ ಅಂಗಡಿಗೆ ಅದರದ್ದೇ ಬೇರೆ. ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಯದು. ಯಾವ ತಿಂಗಳು ಯಾವ ಊರಿನ ಕಡೆ ಜ್ವರ ಜಾಸ್ತಿ, ಯಾವ ಔಷಧಿ ಮೊದಲೇ ತರಿಸಿಡಬೇಕು, ಸಕ್ಕರೆ ಕಾಯಿಲೆಯವರಲ್ಲಿ ಯಾರು ಮತ್ತೆ ಬರಲೇ ಇಲ್ಲ, ಇಂಥ ಪ್ರಶ್ನೆ ಬಂದರೆ ನಾಲ್ಕೂ ಕಡೆಯಿಂದ ವಿವರ ತೆಗೆದು ನಾನು ತಲೆ ಕೆರೆದುಕೊಂಡು ಹೊಂದಿಸಬೇಕಿತ್ತು. ಆಸ್ಪತ್ರೆ ಕಟ್ಟಿದ ನಮ್ಮ ದೊಡ್ಡ ಡಾಕ್ಟರು ಒಂದು ದಿನ, “ಎಲ್ಲಾ ಒಂದೇ ಕಡೆ ಬರ್ಬೇಕು ನಾಜಿಮಾ. ಡೇಟಾ ವೇರ್‌ಹೌಸ್ ಕಟ್ಟೋಣ,” ಎಂದರು. ಅದಕ್ಕಾಗಿ ಮೈಸೂರಿನ ಒಂದು ಸಣ್ಣ ಕಂಪನಿಯಿಂದ ಕಿರಣ್ ಎಂಬ ಇಂಜಿನಿಯರ್ ಬಂದ.

ನಮ್ಮವರಿಗೆ ಇದು ಏನು ಎತ್ತ ಎಂದು ತಿಳಿಯಲಿಲ್ಲ. ನರ್ಸ್ ಜಯಮ್ಮನವರಂತೂ, “ವೇರ್‌ಹೌಸ್ ಅಂದ್ರೆ ಗೋಡೌನ್ ಅಲ್ವಾ? ಇಲ್ಲಿ ಮಂಚ ಹಾಕೋಕೇ ಜಾಗ ಇಲ್ಲ,” ಎಂದರು. ಅದಕ್ಕೆ ನಾನು ದೊಡ್ಡ ಹಾಳೆಯಲ್ಲಿ ಚಿತ್ರ ಬರೆದು ಗೋಡೆಗೆ ಅಂಟಿಸಿದೆ. ಎಡಗಡೆ ನಾಲ್ಕು ಹೊಲ. ಅವೇ ನಮ್ಮ ನಾಲ್ಕು ಸಾಫ್ಟ್‌ವೇರ್. ಹೊಲದಿಂದ ಬಂದದ್ದು ನೇರ ಉಗ್ರಾಣಕ್ಕೆ ಹೋಗುವುದಿಲ್ಲ, ಮೊದಲು ಕಣಕ್ಕೆ ಬೀಳುತ್ತದೆ. ಅಲ್ಲಿ ತೂರಿ, ಕೇರಿ, ಕಲ್ಲು ಮಣ್ಣು ತೆಗೆಯಬೇಕು. ಒಂದು ಕಡೆ ದಿನಾಂಕ ಒಂದು ರೀತಿ ಬರೆದಿರುತ್ತಾರೆ, ಇನ್ನೊಂದು ಕಡೆ ಬೇರೆ ರೀತಿ. ಒಬ್ಬರೇ ಎರಡು ಸಲ ದಾಖಲಾಗಿರುತ್ತಾರೆ. ಹಸನಾದದ್ದು ಉಗ್ರಾಣಕ್ಕೆ ಹೋಗಿ ರೋಗಿ, ಕಾಯಿಲೆ, ಔಷಧಿ, ದಿನ ಎಂದು ಬೇರೆ ಬೇರೆ ಕೋಣೆಗಳಲ್ಲಿ ಕೂರುತ್ತದೆ. ಉಗ್ರಾಣದ ಮುಂದೆ ಸಣ್ಣ ಸಣ್ಣ ಅಂಗಡಿಗಳು: ಔಷಧಿಯವರಿಗೆ ಒಂದು, ಲ್ಯಾಬಿನವರಿಗೆ ಒಂದು, ಡಾಕ್ಟರಿಗೆ ಒಂದು. ಅವರವರಿಗೆ ಬೇಕಾದ್ದನ್ನು ಮಾತ್ರ ಅವರವರು ನೋಡಿಕೊಂಡು ಹೋಗಬಹುದು. ಜಯಮ್ಮ ಕಣ್ಣಾಡಿಸಿ, “ಇಷ್ಟೇನಾ? ಮೊದಲೇ ಹೀಗೆ ಹೇಳೋದಲ್ವಾ,” ಎಂದು ಕಿರಣನ ಕಡೆ ನೋಡಿದರು. ಅಂದಿನಿಂದ ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಕಣ, ಉಗ್ರಾಣ, ಅಂಗಡಿಯೇ ಆಯಿತು.

ಕಿರಣನಿಗೂ ನನಗೂ ಮೊದಲ ಜಗಳ ಆದದ್ದು ಕಣದ ವಿಷಯಕ್ಕೆ. ಉಗ್ರಾಣ ತುಂಬಿದ ಮೇಲೆ ಕಣವನ್ನು ಗುಡಿಸಿ ಖಾಲಿ ಮಾಡಬೇಕು, ಇಲ್ಲದಿದ್ದರೆ ಜಾಗ ದಂಡ ಎಂದು ಅವನ ವಾದ. ಬಂದದ್ದು ಬಂದ ಹಾಗೇ ಅಲ್ಲಿ ಉಳಿಯಬೇಕು, ಪ್ರತಿ ಸಾಲಿಗೂ ಎಲ್ಲಿಂದ ಬಂತೆಂಬ ಗುರುತು ಇರಬೇಕು ಎಂದು ನನ್ನ ಪಟ್ಟು. ನಮ್ಮ ಅಬ್ಬಾ ಅವರದು ಗೋಣಿಚೀಲದ ವ್ಯಾಪಾರ. ಚಿಕ್ಕಂದಿನಲ್ಲಿ ಶಾಲೆಗೆ ರಜೆ ಬಂದರೆ ಚೀಲದ ಮೇಲೆ ಬಣ್ಣದಲ್ಲಿ ರೈತರ ಗುರುತು ಬರೆಯುವ ಕೆಲಸ ನನ್ನದು. ಗುರುತಿಲ್ಲದ ಚೀಲಗಳು ಮಂಡಿಯಲ್ಲಿ ಬೆರೆತುಹೋದರೆ ಯಾರ ಮಾಲು ಯಾವುದು ಎಂದು ಆಮೇಲೆ ಯಾರಿಂದಲೂ ಹೇಳಲಾಗದು.

“ಮೇಡಂ, ಇದು ಗೋಣಿಚೀಲ ಅಲ್ಲ,” ಎಂದು ಕಿರಣ್ ನಕ್ಕ. ನಾನು ನಗಲಿಲ್ಲ. ವಾರವಿಡೀ ಅವನ ಬೆನ್ನು ಬಿದ್ದೆ. ಕೊನೆಗೆ ಬೇಸತ್ತು ಒಪ್ಪಿಕೊಂಡ.

ಎರಡನೇ ಜಗಳದಲ್ಲಿ ಸೋತೆ. ದೊಡ್ಡ ಡಾಕ್ಟರಿಗೆ ಇನ್ನೊಂದು ಆಸೆ ಹುಟ್ಟಿತ್ತು. ರೋಗಿ ಎದುರು ಬಂದು ಕೂತ ಕೂಡಲೇ ಅವರ ಹಿಂದಿನ ಚರಿತ್ರೆಯೆಲ್ಲ ಒಂದೇ ಪುಟದಲ್ಲಿ ಕಾಣಬೇಕಂತೆ. “ಸರ್, ಉಗ್ರಾಣ ಇರೋದು ಒಟ್ಟಾರೆ ಲೆಕ್ಕ ನೋಡೋಕೆ. ಒಬ್ರಿಗೆ ಸೂಜಿ ಚುಚ್ಚೋವಾಗ ಅದನ್ನೇ ನಂಬ್ಕೊಂಡು ಕೂರೋಕಲ್ಲ,” ಎಂದೆ. ಅವರು ಕೇಳಲಿಲ್ಲ. ಉಗ್ರಾಣದ ಉದ್ಘಾಟನೆಗೆ ದಿನ ಗೊತ್ತಾಗಿತ್ತು, ಆಹ್ವಾನ ಪತ್ರಿಕೆ ಹಂಚಿಯಾಗಿತ್ತು, ಶಾಮಿಯಾನದವನಿಗೂ ಹೇಳಿಯಾಗಿತ್ತು. ಅದೇ ವಾರ ಆ ಪುಟವನ್ನು ಪರೀಕ್ಷೆಗೆಂದು ಡಾಕ್ಟರ ಕೋಣೆಯಲ್ಲಿ ತೆರೆದೆವು.

ಸೋಮವಾರ ಬೆಳಿಗ್ಗೆ ಉಡಿಗಾಲದಿಂದ ಮಹದೇವಸ್ವಾಮಿ ಎಂಬ ರೈತರು ಬಂದರು. ಅರಿಶಿನದ ಹೊಲದಲ್ಲಿ ಗುದ್ದಲಿ ಪಾದದ ಮೇಲೆ ಬಿದ್ದು, ಗಾಯ ಕೀವಾಗಿ, ಕಾಲು ಬಾತುಕೊಂಡಿತ್ತು. ಜೊತೆಗೆ ಅವರ ಹೆಂಡತಿ ಪುಟ್ಟತಾಯಮ್ಮ. ಪುಟ ಹೇಗೆ ಕೆಲಸ ಮಾಡುತ್ತದೆ ನೋಡಲು ನಾನು ದೊಡ್ಡ ಡಾಕ್ಟರ ಪಕ್ಕದಲ್ಲೇ ನಿಂತಿದ್ದೆ. ಹೆಸರು, ತಂದೆಯ ಹೆಸರು, ಊರು, ವಯಸ್ಸು ಹಾಕಿದ ಕೂಡಲೇ ಚರಿತ್ರೆಯೆಲ್ಲ ಬಂತು. ಔಷಧಿಯ ಅಲರ್ಜಿ ಇಲ್ಲ. ಹೋದ ವರ್ಷ ಗುಂಡ್ಲುಪೇಟೆ ಶಾಖೆಯಲ್ಲಿ ಪೆನ್ಸಿಲಿನ್ ಕೊಟ್ಟಿದೆ, ತೊಂದರೆ ಆಗಿಲ್ಲ ಎಂದಿತ್ತು. ಡಾಕ್ಟರ ಮುಖ ಅರಳಿತು. ಆದರೂ ಬಾಯಿ ಬಿಟ್ಟು ಕೇಳಿದರು.

“ಯಾವುದಾದ್ರೂ ಇಂಜೆಕ್ಷನ್ ಮೈಗೆ ಆಗಲ್ವಾ?”

“ಅಂಗೇನಿಲ್ಲ ಬುಡಿ ಸಾ. ಕಾಲು ಸಿಡೀತಾ ಅದೆ, ಬಿರ್ನೆ ಏನಾರ ಮಾಡಿ,” ಎಂದರು ಮಹದೇವಸ್ವಾಮಿ, ಹಲ್ಲು ಕಚ್ಚಿಕೊಂಡು.

ಡಾಕ್ಟರು ಪೆನ್ಸಿಲಿನ್ ಬರೆದರು. ಜಯಮ್ಮ ಅವರನ್ನು ಇಂಜೆಕ್ಷನ್ ಕೋಣೆಗೆ ಕರೆದುಕೊಂಡು ಹೋದರು. ಪುಟ್ಟತಾಯಮ್ಮ ಹೊರಗಿನ ಬೆಂಚಿನಲ್ಲಿ ಸೆರಗಿನ ಚುಂಗು ಹಿಂಡುತ್ತಾ ಕೂತರು. ಸ್ವಲ್ಪ ಧೈರ್ಯ ಹೇಳೋಣ ಎಂದು ನಾನೂ ಪಕ್ಕದಲ್ಲಿ ಕೂತೆ.

“ಹೆದರ್ಕೋಬೇಡಿ ಅಮ್ಮ. ಹೋದ ವರ್ಷ ಗುಂಡ್ಲುಪೇಟೆಲಿ ನಮ್ಮ ಶಾಖೆಗೆ ತೋರಿಸಿದ್ರಲ್ಲ, ಆವಾಗ ಕೊಟ್ಟ ಇಂಜೆಕ್ಷನ್ನೇ ಇದು.”

ಅವರು ನನ್ನ ಮುಖವನ್ನೇ ನೋಡಿದರು. “ಯಾವ ಗುಂಡ್ಲುಪ್ಯಾಟೆ ಕಣವ್ವ? ನಾವು ಆ ಕಡೆ ಆಸ್ಪತ್ರೆಗೆ ಓಗೇ ಇಲ್ವಲ್ಲ.”

“ಯಜಮಾನ್ರು ಒಬ್ರೇ ಹೋಗಿರ್ಬೋದು.”

“ಒಬ್ರೇನಾ? ಸಂತೆಮರಳ್ಳಿ ಸಂತೆಗೆ ಓಗ್ಬೇಕಾದ್ರೂ ನನ್ ಕರ್ಕೊಂಡೇ ಓಗೋದು ಅವ್ರು!”

ಹಾಗಾದರೆ ಪುಟದಲ್ಲಿ ಕಂಡದ್ದು ಯಾರ ಚರಿತ್ರೆ? ಎದ್ದು ಇಂಜೆಕ್ಷನ್ ಕೋಣೆಗೆ ಓಡಿದೆ. ಜಯಮ್ಮ ಮೊದಲು ಸ್ವಲ್ಪವೇ ಔಷಧಿ ಕೊಟ್ಟು ನೋಡಲು ಸಿರಿಂಜ್ ಹಿಡಿದು, ಮಹದೇವಸ್ವಾಮಿಯವರ ಮುಂಗೈಯನ್ನು ಹತ್ತಿಯಲ್ಲಿ ಒರೆಸುತ್ತಿದ್ದರು. “ಬೇಡ ಸಿಸ್ಟರ್, ಬೇಡ!” ಎಂದು ಅವರ ಕೈ ಹಿಡಿದುಬಿಟ್ಟೆ. ಸಿರಿಂಜ್ ನೆಲಕ್ಕೆ ಬಿತ್ತು.

“ಹುಚ್ಚು ಹಿಡೀತೇನೇ ನಿಂಗೆ?” ಎಂದು ಜಯಮ್ಮ ಕಿರುಚಿದರು. ಗಲಾಟೆ ಕೇಳಿ ದೊಡ್ಡ ಡಾಕ್ಟರು ಬಂದರು. ರೋಗಿಗಳ ಎದುರೇ ಚೆನ್ನಾಗಿ ಬೈದರು. “ಐದು ನಿಮಿಷ ಕೊಡಿ ಸರ್, ಆಮೇಲೆ ಬೇಕಾದ್ರೆ ಕೆಲಸದಿಂದ ತೆಗೀರಿ,” ಎಂದೆ. ಬಾಗಿಲಿಗೆ ಅಡ್ಡ ನಿಂತವಳು ಅಲ್ಲಾಡಲಿಲ್ಲ. ನಾನು ಬರುವ ತನಕ ಯಾರಿಗೂ ಸೂಜಿ ಹಾಕುವುದಿಲ್ಲ ಎಂದು ಜಯಮ್ಮನವರಿಂದ ಮಾತು ತೆಗೆದುಕೊಂಡೇ ಕಂಪ್ಯೂಟರಿಗೆ ಓಡಿದೆ.

ಉಗ್ರಾಣವನ್ನೂ ಅಂಗಡಿಯನ್ನೂ ಬಿಟ್ಟು ನೇರ ಕಣಕ್ಕೆ ಹೋಗಿ ಹುಡುಕಿದೆ. ಅಲ್ಲಿ ಇಬ್ಬರು ಮಹದೇವಸ್ವಾಮಿಗಳಿದ್ದರು. ಇಬ್ಬರ ಊರೂ ಉಡಿಗಾಲ, ಇಬ್ಬರ ತಂದೆಯ ಹೆಸರೂ ಮಹದೇವಪ್ಪ, ವಯಸ್ಸಿನಲ್ಲೂ ಹೆಚ್ಚು ಕಮ್ಮಿ ಇಲ್ಲ. ಒಬ್ಬರ ಮೇಲೆ ಗುಂಡ್ಲುಪೇಟೆಯ ಗುರುತು, ಇನ್ನೊಬ್ಬರ ಮೇಲೆ ಚಾಮರಾಜನಗರದ ಗುರುತು. ಚಾಮರಾಜನಗರದ ಸಾಲಿನಲ್ಲಿ ಹಿಂದೆ ಯಾವಾಗಲೋ ಬರೆದಿಟ್ಟ ಷರಾ ಇತ್ತು: ಪೆನ್ಸಿಲಿನ್ ಕೊಟ್ಟ ಮೇಲೆ ಮುಖ ಊದಿತು, ಉಸಿರು ಕಟ್ಟಿತು, ಮತ್ತೆ ಕೊಡಬಾರದು.

ಆಗಿದ್ದಿಷ್ಟು. ಹೆಸರು, ತಂದೆ, ಊರು, ವಯಸ್ಸು ಹೊಂದಿದರೆ ಒಬ್ಬರೇ ಎಂದು ತಿಳಿದು ಸೇರಿಸಿಬಿಡುವ ನಿಯಮವೊಂದು ಕಿರಣನ ಕಂಪನಿಯ ಸಾಫ್ಟ್‌ವೇರಿನಲ್ಲೇ ಇತ್ತು. ಎರಡರಲ್ಲಿ ಹೊಸದಾಗಿ ಬರೆದದ್ದನ್ನು ಅದು ನಿಜವೆಂದು ತೋರಿಸುತ್ತಿತ್ತು. ಬೇರೆ ಊರುಗಳಲ್ಲಿ ಅದು ನಡೆದಿರಬಹುದು. ನಮ್ಮದು ಮಾದಪ್ಪನ, ಅಂದರೆ ಮಲೆ ಮಹದೇಶ್ವರನ ಬೆಟ್ಟದ ಸೀಮೆ. ಹರಕೆ ಹೊತ್ತು ಹೆತ್ತ ಮಕ್ಕಳಿಗೆಲ್ಲ ಅವನದೇ ಹೆಸರು.

ದೊಡ್ಡ ಡಾಕ್ಟರು ಆ ಸಾಲನ್ನು ಓದಿ ಕನ್ನಡಕ ತೆಗೆದರು. ಆಮೇಲೆ ತಾವೇ ಹೋಗಿ ಬೇರೆ ಔಷಧಿ ಬರೆದು, ಕೊಡುವ ತನಕ ಪಕ್ಕದಲ್ಲೇ ನಿಂತಿದ್ದರು. ಹಿಂದೆ ಸೂಜಿ ಹಾಕಿದಾಗ ಏನಾದರೂ ಆಗಿತ್ತೇ ಎಂದು ಕೇಳಿದ್ದಕ್ಕೆ ಪುಟ್ಟತಾಯಮ್ಮ, “ಮಗಳ ಬಾಣಂತನದ ವರ್ಸ ಇವ್ರಿಗೆ ಗ್ನಾನ ತಪ್ಪಿತ್ತು ಸಾ. ಅದು ಸೂಜಿಯಿಂದ ಅಂತ ನಮ್ಗೆಂಗ್ ಗೊತ್ತಾಗ್ಬೇಕು?” ಎಂದರು.

ನಿಮ್ಮೂರಲ್ಲಿ ಇನ್ನೊಬ್ಬ ಮಹದೇವಸ್ವಾಮಿ ಇದ್ದಾರಾ ಎಂದು ನಾನು ಕೇಳಿದೆ. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಪುಟ್ಟತಾಯಮ್ಮ ನಕ್ಕರು. “ಇನ್ನೊಬ್ರಾ? ಬೀದೀಲಿ ನಿಂತ್ಕಂಡು ಮಾದೇವಸಾಮಿ ಅಂತ ಕೂಗು, ಅರ್ಧ ಊರು ತಿರುಗಿ ನೋಡ್ತದೆ. ನಮ್ದು ಬಾವಿಮನೆ ಕಣವ್ವ. ನೀನು ಏಳ್ತಿರೋದು ಪಡಸಾಲೆಮನೆಯವ್ರು ಇರ್ಬೇಕು. ಅವ್ರ ಅತ್ತೆ ಮನೆ ಗುಂಡ್ಲುಪ್ಯಾಟೆ.”

ಮಧ್ಯಾಹ್ನ ದೊಡ್ಡ ಡಾಕ್ಟರ ಕೋಣೆಯಲ್ಲಿ ನಾವು ಮೂವರು ಕೂತೆವು. “ಇದೊಂದು ಕೇಸ್ ಸರ್. ಸರಿ ಮಾಡಿ ಕೊಡ್ತೀನಿ. ಉದ್ಘಾಟನೆಗೆ ಏನೂ ತೊಂದ್ರೆ ಇಲ್ಲ,” ಎಂದ ಕಿರಣ್. ನಾನು ಲ್ಯಾಪ್‌ಟಾಪನ್ನು ಡಾಕ್ಟರ ಕಡೆ ತಿರುಗಿಸಿದೆ. ಆ ನಿಯಮ ಹಾಗೇ ಸೇರಿಸಿಹಾಕಿದ್ದ ಹೆಸರುಗಳು ಪರದೆ ತುಂಬ ಇದ್ದವು. ಮಹದೇವಪ್ಪ, ಮಹದೇವಮ್ಮ, ಮಾದೇಶ, ಬಸಮ್ಮ. ನಮ್ಮವರೂ ಏನು ಕಮ್ಮಿ ಇರಲಿಲ್ಲ, ಸೈಯದ್ ಪಾಷಾಗಳ ಸಾಲೇ ಇತ್ತು. ಇವರಲ್ಲಿ ಯಾರು ನಿಜಕ್ಕೂ ಒಬ್ಬರೇ, ಯಾರು ಇಬ್ಬರು ಎಂದು ಆ ಕೋಣೆಯಲ್ಲಿ ಕೂತು ಹೇಳಲು ನಮ್ಮಿಂದ ಸಾಧ್ಯವಿರಲಿಲ್ಲ.

“ಈ ಪುಟ ತೆರೆಯೋಕೆ ನಾನು ಬಿಡಲ್ಲ ಸರ್,” ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ.

“ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿದೆ ನಾಜಿಮಾ. ನಾಲ್ಕು ಜನ ದೊಡ್ಡವರು ಬರ್ತಾ ಇದ್ದಾರೆ.”

“ಬರ್ಲಿ. ಜ್ವರದ ಲೆಕ್ಕ ತೋರ್ಸಿ, ಔಷಧಿ ಲೆಕ್ಕ ತೋರ್ಸಿ. ಬಾವಿಮನೆಯವ್ರು ಇವತ್ತು ಮನೆಗೆ ವಾಪಸ್ ಹೋಗ್ತಾ ಇರೋದು ಅವರ ಹೆಂಡ್ತಿ ಬಾಯಿ ಬಿಟ್ಟಿದ್ದಕ್ಕೆ. ನಾಳೆ ಬರೋರು ಒಬ್ರೇ ಬಂದ್ರೆ?”

ದೊಡ್ಡ ಡಾಕ್ಟರು ಪರದೆಯಿಂದ ಕಣ್ಣೆತ್ತಿ ಹೊರಗೆ ನೋಡಿದರು. ಕಿಟಕಿಯಾಚೆ ಶಾಮಿಯಾನದವನು ಗಾಡಿಯಿಂದ ಗಳ ಇಳಿಸುತ್ತಿದ್ದ. “ಮುಚ್ಚು,” ಎಂದರು ಕೊನೆಗೆ. ನಾನು ಅಲ್ಲೇ, ಅವರ ಕಣ್ಣೆದುರೇ ಮುಚ್ಚಿದೆ.

ಕಣವನ್ನು ಗುಡಿಸಿಹಾಕಿದ್ದರೆ ಮುಂದಿನದ್ದು ಯಾವುದೂ ಆಗುತ್ತಿರಲಿಲ್ಲ. ಬಂದದ್ದು ಬಂದ ಹಾಗೇ, ಗುರುತಿನ ಸಮೇತ ಇದ್ದದ್ದರಿಂದ ಸೇರಿಹೋಗಿದ್ದವರನ್ನೆಲ್ಲ ಮತ್ತೆ ಬೇರೆ ಮಾಡಿದೆವು. ಕಿರಣ್ ಅಂಗಿಯ ತೋಳು ಮಡಚಿ ನನ್ನ ಜೊತೆಗೇ ಕೂತ. “ನಿಮ್ಮ ಗೋಣಿಚೀಲ ಉಳಿಸ್ತು ಮೇಡಂ,” ಎಂದ. ಈ ಸಲ ನಗಲಿಲ್ಲ. ರೋಗಿಯ ವಿವರದಲ್ಲಿ ಮನೆ ಹೆಸರಿಗೆ ಹೊಸ ಜಾಗ ಮಾಡಿದೆವು. ಇಬ್ಬರನ್ನು ಒಬ್ಬರೆಂದು ಸೇರಿಸಬೇಕಾದರೆ ಅವರನ್ನೋ ಮನೆಯವರನ್ನೋ ಕೇಳಿ, ಹೌದು ಎಂದ ಮೇಲೆಯೇ ಸೇರಿಸಬೇಕು ಎಂದಾಯಿತು. ಫೋನಿಗೆ ಸಿಗದವರನ್ನು ಹುಡುಕಿಕೊಂಡು ನಾನು ಊರೂರಿಗೆ ಬಸ್ಸಿನಲ್ಲಿ ಹೋದೆ. “ಯಾವ ಮನೆಯವ್ರು?” ಎಂದು ಕೇಳಿದರೆ ಜನ ಎಷ್ಟು ಖುಷಿಯಿಂದ ಹೇಳುತ್ತಾರೆಂದರೆ, ಕಾಫಿ ಕುಡಿಸದೆ ಕಳಿಸುವುದಿಲ್ಲ.

ಉದ್ಘಾಟನೆಯೂ ಆಯಿತು. ಬಂದ ದೊಡ್ಡವರಿಗೆ ಬಣ್ಣಬಣ್ಣದ ಜ್ವರದ ಲೆಕ್ಕವೇ ಬಹಳ ಹಿಡಿಸಿತು. ಇಲ್ಲದ ಪುಟವನ್ನು ಯಾರೂ ಕೇಳಲಿಲ್ಲ.

ಸಂಕ್ರಾಂತಿಗೆ ಮುಂಚೆ ಪುಟ್ಟತಾಯಮ್ಮ ಆಸ್ಪತ್ರೆಗೆ ಬಂದು ಒಂದು ಸಣ್ಣ ಚೀಲದ ತುಂಬ ಹಸಿ ಅರಿಶಿನ ಕೊಟ್ಟರು. ಅವರ ಹಿಂದೆಯೇ ಮಹದೇವಸ್ವಾಮಿ ಚಪ್ಪಲಿ ಹಾಕಿದ ಕಾಲಲ್ಲಿ ನೆಟ್ಟಗೆ ನಡೆದು ಬಂದರು. “ಚೆಂದಾಗಿರವ್ವ,” ಎಂದಷ್ಟೇ ಹೇಳಿದರು. ಆ ಚೀಲ ಹೊತ್ತು ಸಂಜೆ ಬಸ್ಸಿನಲ್ಲಿ ಬಂದೆ. ಬಸ್ಸೆಲ್ಲ ಮಣ್ಣಿನ ವಾಸನೆ.

ಅಮ್ಮೀ ಚೀಲ ಬಿಚ್ಚಿ ನೋಡಿ, “ಯಾರು ಕೊಟ್ಟಿದ್ದು?” ಎಂದರು.

“ಉಡಿಗಾಲದ ಮಹದೇವಸ್ವಾಮಿ.”

“ಯಾವ ಮಹದೇವಸ್ವಾಮಿ?” ಎಂದರು ಅಮ್ಮೀ, ಅರಿಶಿನದ ಮಣ್ಣು ಕೊಡವುತ್ತಾ, ಏನೂ ದೊಡ್ಡ ವಿಷಯವಲ್ಲ ಎಂಬಂತೆ.

ಆಸ್ಪತ್ರೆಯ ಬಾಗಿಲಿಗೆ ಅಡ್ಡ ನಿಂತಾಗ ಬಾರದ ಅಳು ಆಗ ಬಂತು. ಆ ಸೂಜಿ, ಆ ಮುಂಗೈ, ಬೆಂಚಿನಲ್ಲಿ ಸೆರಗು ಹಿಂಡುತ್ತಾ ಕೂತಿದ್ದ ಪುಟ್ಟತಾಯಮ್ಮ, ಎಲ್ಲಾ ಒಟ್ಟಿಗೆ ಕಣ್ಣ ಮುಂದೆ ಬಂದವು. ಅಮ್ಮೀ ಗಾಬರಿಯಾಗಿ ನನ್ನ ಭುಜ ಹಿಡಿದುಕೊಂಡರು.

“ಬಾವಿಮನೆಯವ್ರು ಅಮ್ಮೀ,” ಎಂದೆ. “ಬದುಕಿದ್ದಾರೆ.”