ರಂಗೋಲಿ ಗೆರೆಯ ಆಚೆ ದಂಡೆ

ನೈವೇದ್ಯಕ್ಕೆಂದು ಮಗಳು ತಂದಿಟ್ಟಿದ್ದ ಬಾಳೆಲೆಯ ಕಟ್ಟನ್ನು ಈ ಬೆಳಗ್ಗೆ ಬಿಚ್ಚಿ ತೊಳೆಯುತ್ತಿದ್ದೆ. ನೀರು ಬಿದ್ದೊಡನೆ ಹಸಿ ಎಲೆಯ ವಾಸನೆ ಎದ್ದಿತು. ಕೈ ತಾನಾಗಿ ನಿಂತಿತು. ಬುಕ್ಕಸಾಗರದಿಂದ ನಮ್ಮ ಹೊಸಪೇಟೆಯ ಮನೆಗೆ ಎಲೆ ತರುತ್ತಿದ್ದ ಆ ತಾಯಿಯ ಬುಟ್ಟಿಗೂ, ಸೆರಗಿಗೂ ಇದೇ ವಾಸನೆಯಿತ್ತು…

ಆಗ ನನ್ನ ಧರ್ಮಪತ್ನಿ ಹರಿಪಾದ ಸೇರಿ ಒಂದು ವರ್ಷವಾಗಿತ್ತು. ಮಗಳು ಮತ್ತು ಅಳಿಯ ಇಬ್ಬರಿಗೂ ಸಂಡೂರಿನಲ್ಲಿ ಕೆಲಸ. ಬೆಳಗಿನ ಬಸ್ಸಿಗೆ ಹೊರಟರೆ ಬರುವುದು ಸಂಜೆಗೆ. ಆಗತಾನೇ ಓಡಾಡಲು ಕಲಿತಿದ್ದ ಮೊಮ್ಮಗಳು ನನ್ನ ಪಾಲಿಗೆ. ಸಂಸ್ಕೃತ ಪಾಠ ಹೇಳುವ ವೃತ್ತಿಯಿಂದ ನಿವೃತ್ತನಾಗಿದ್ದ ನನಗೆ ಮಧ್ಯಾಹ್ನದಿಂದ ಸಂಜೆಯವರೆಗೆ ಆಕೆಯನ್ನು ನೋಡಿಕೊಳ್ಳುವುದು ಕಷ್ಟವಾಗಿರಲಿಲ್ಲ. ಕಷ್ಟವಿದ್ದದ್ದು ಮಡಿಯ ಹೊತ್ತಿನದು. ಸ್ನಾನ ಮಾಡಿ ಮಡಿಯುಟ್ಟು ಅಡುಗೆ, ಪೂಜೆ, ನೈವೇದ್ಯ ಮುಗಿಸುವವರೆಗೆ ಬಟ್ಟೆ ತೊಟ್ಟ ಮಗು ನನ್ನನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಮತ್ತೆ ಸ್ನಾನ. ಮಗುವಿಗೆ ಇದು ಹೇಗೆ ತಿಳಿದೀತು? ಒಂದು ದಿನ ಮತ್ತೆ ಮತ್ತೆ ಮಿಂದು, ದೇವರಿಗೆ ನೈವೇದ್ಯವಾಗುವಷ್ಟರಲ್ಲಿ ಹೊತ್ತು ಇಳಿದಿತ್ತು. ಮಗು ಹಸಿದು, ಅತ್ತು, ಬರಿ ನೆಲದ ಮೇಲೆ ಮಲಗಿತ್ತು.

ಸಂಜೆ ಅದನ್ನು ಕಂಡ ಮಗಳು, “ನಾ ಕೆಲಸ ಬಿಡ್ತೀನಪ್ಪಾ” ಎಂದಳು. ಕಷ್ಟಪಟ್ಟು ಓದಿ ಗಳಿಸಿದ ಕೆಲಸವದು. ಅದನ್ನು ಬಿಡಿಸುವುದಕ್ಕೆ ನನಗೆ ಮನಸ್ಸಿರಲಿಲ್ಲ. ಪಿತೃಗಳಿಂದ ಬಂದ ಸಾಲಿಗ್ರಾಮದ ಪೂಜೆಯನ್ನು ಬಿಡುವಂತೆಯೂ ಇರಲಿಲ್ಲ.

ಬೆಳಗಿನ ಕೆಲವು ಗಂಟೆಗಳಿಗಷ್ಟೇ ಮಗುವನ್ನು ನೋಡಿಕೊಳ್ಳುವವರನ್ನು ಹುಡುಕಿದೆವು. “ಇಡೀ ದಿನ ಅಂದ್ರ ಬರ್ತೀನ್ರಿ. ಎರಡ್ ತಾಸಿಗೆ ಅಂತ ಯಾರ್ ಬರ್ತಾರ?” ಎಂದು ಮಲಪನಗುಡಿಯ ಒಬ್ಬಾಕೆ ಬಾಗಿಲಲ್ಲೇ ನಕ್ಕು ಹೋದಳು. ಎಲೆಯ ಬುಟ್ಟಿ ಇಳಿಸುತ್ತಿದ್ದ ಈ ತಾಯಿ ಅದನ್ನು ಕೇಳಿಸಿಕೊಂಡಳು.

“ಎಲಿ ಮಾರಿದ ಮ್ಯಾಲ ಮಧ್ಯಾಹ್ನದ ಬಸ್ಸಿನತನ ಬಸ್‌ಸ್ಟ್ಯಾಂಡಿನ್ಯಾಗ ಸುಮ್ಮ ಕುಂತಿರ್ತೀನ್ರಿ ಆಚಾರ್ರ. ಇಲ್ಲೇ ಬಂದು ಕುಂತ್ರಾತು.”

“ಈ ಕೂಸು ಕುಂದ್ರಾಕ ಬಿಡ್ತದೇನವ್ವ?” ಎಂದಳು ಮಗಳು.

“ಬಿಡಲಿಲ್ಲಂದ್ರ ನಿಂತಿರ್ತೀನಿ ತಗಾ.”

ಸಂಬಳದ ಮಾತನ್ನು ಮಗಳೇ ಆಡಿ ಮುಗಿಸಿದಳು. ಮರುದಿನದಿಂದಲೇ ಆಕೆ ಬಂದಳು. ಮೊಮ್ಮಗಳ ಬಾಯಲ್ಲಿ ಬುಟ್ಟಿಯವ್ವನಾದಳು.

ಮಗುವನ್ನು ತಡೆಯಲೆಂದು ನಾನು ಒಳಮನೆಯ ಹೊಸ್ತಿಲ ಮುಂದೆ ಒಂದು ರಂಗೋಲಿ ಗೆರೆ ಎಳೆಯುತ್ತಿದ್ದೆ. ಮಗು ಅದನ್ನು ಅಂಗೈಯಿಂದ ಒರೆಸಿಕೊಂಡು ಒಳಗೆ ಬರುತ್ತಿತ್ತು. ಬುಟ್ಟಿಯವ್ವನ ಗಂಡ ಬದುಕಿರುವವರೆಗೂ ಹಂಪಿಯ ಬಳಿ ಹೊಳೆಯಲ್ಲಿ ಹರಿಗೋಲು ಹಾಕಿದವನು. ಆಕೆ ಗೆರೆಯನ್ನು ತೋರಿಸಿ ಮಗುವಿಗೆ ಹೇಳಿದಳು: “ಇದು ಹೊಳಿ ಐತವ್ವ. ತಾತ ಆ ದಂಡಿಮ್ಯಾಗ ಅದಾನ. ನೀರು ಭಾಳ ಬಂದೈತಿ, ಈಗ ದಾಟಬ್ಯಾಡ. ಹರಿಗೋಲು ಬರೋತನ ಕಾಯಬೇಕು.”

ಆಮೇಲೆ ಖಾಲಿ ಬುಟ್ಟಿಯಲ್ಲಿ ಮಗುವನ್ನು ಕೂರಿಸಿ ಮೆಲ್ಲನೆ ತಿರುಗಿಸುತ್ತಿದ್ದಳು. ಒಳಗೆ ನನ್ನ ಮಂತ್ರ, ಹೊರಗೆ ಬಿದಿರ ಬುಟ್ಟಿ ನೆಲಕ್ಕೆ ಉಜ್ಜುವ ಸದ್ದು. ನೈವೇದ್ಯ ಮುಗಿಸಿ, ಮಡಿ ಬಿಟ್ಟು ನಾನು ಗೆರೆ ದಾಟಿದರೆ ಇಬ್ಬರೂ “ಹರಿಗೋಲು ಬಂತು” ಎಂದು ಕೂಗುವರು. “ಇಳಿಯೇ ನಮ್ಮವ್ವ, ನನ್ನ ಬಸ್ಸು ಹೋಗ್ತೈತಿ” ಎಂದು ಆಕೆ ಬುಟ್ಟಿ ಬಿಡಿಸಿಕೊಂಡು ಹೊರಡುವಳು. ಮಗಳ ಕೆಲಸ ಉಳಿಯಿತು. ನನ್ನ ಪೂಜೆಯೂ ಉಳಿಯಿತು.

ಹೀಗೆ ಕೆಲವು ವರ್ಷಗಳು… ಮೊಮ್ಮಗಳು ಶಾಲೆಗೆ ಸೇರಿದಳು. ಮಗಳು ಬುಟ್ಟಿಯವ್ವನಿಗೆ ಸೀರೆ, ಕುಬಸ ಕೊಟ್ಟು, ಇನ್ನು ಕಾಯುವ ಕೆಲಸವಿಲ್ಲವೆಂದು ತಿಳಿಸಿದಳು. ಆಕೆ ತಲೆಯಾಡಿಸಿದಳು.

ಮರುದಿನ ಎಲೆ ಕೊಟ್ಟವಳು ಎಂದಿನಂತೆ ಪಡಸಾಲೆಗೆ ಬಂದು ಗೆರೆಯ ಆಚೆ ಕುಳಿತಳು. ಮರೆತಳೇನೋ ಎಂದುಕೊಂಡೆ.

“ಕೂಸು ಶಾಲೆಗೆ ಹೋಯಿತಲ್ಲವ್ವ.”

“ಗೊತ್ತೈತ್ರಿ ಆಚಾರ್ರ,” ಎಂದಳು. “ನಿಮಗೂ ಈ ದಂಡಿಮ್ಯಾಗ ಯಾರರ ಇರಬೇಕಲ್ರಿ.”

ಆಕೆ ಕುಳಿತದ್ದು ನನ್ನ ಪತ್ನಿ ಹೂಬತ್ತಿ ಹೊಸೆಯುತ್ತ ಕುಳಿತಿರುತ್ತಿದ್ದ ಜಾಗ. ಅವಳು ಹೋದ ಮೇಲೆ, ನನ್ನ ಪೂಜೆ ಮುಗಿಯಲೆಂದು ಕಾಯುವವರು ಯಾರೂ ಇಲ್ಲವೆಂಬುದನ್ನು ನಾನು ಮಗಳಿಗೂ ಹೇಳಿರಲಿಲ್ಲ. ಅದು ಹೇಳಿಕೊಳ್ಳುವಂಥ ಸಂಗತಿಯೆಂದೂ ನನಗೆ ತೋರಿರಲಿಲ್ಲ.

ಮುಂದೆಯೂ ಆಕೆ ಬರುತ್ತಲೇ ಇದ್ದಳು. ಮಾತು ಕಡಿಮೆ. ಗೋಡೆಗೊರಗಿ ಕೂರುವಳು, ಕೆಲವೊಮ್ಮೆ ತೂಕಡಿಸುವಳು. ಗಂಟೆಯ ಸದ್ದಿಗೆ ಎಚ್ಚೆತ್ತು ಕೈಮುಗಿಯುವಳು. ನಾನು ಹೊಸ್ತಿಲು ದಾಟಿದರೆ, ಬಸ್ಸಿನ ಹೊತ್ತಾಯಿತೆಂದು ಪ್ರಸಾದ ಕಟ್ಟಿಸಿಕೊಂಡು ಏಳುವಳು. ಆಮೇಲೆ ಮೊಣಕಾಲು ಸೋತವು. ಎಲೆಯ ವ್ಯಾಪಾರ ಬಿಟ್ಟು ಕಂಪ್ಲಿಯಲ್ಲಿದ್ದ ತಂಗಿಯ ಮನೆ ಸೇರಿದಳು. ಒಂದು ಮಳೆಗಾಲ, ಆಕೆ ಹೋದಳೆಂಬ ಸುದ್ದಿ ಬಂತು. ಕೊನೆಯ ದಿನಗಳಲ್ಲಿ ಆಕೆಯ ಬಳಿ ಯಾರು ಕುಳಿತಿದ್ದರೋ… ನಾನು ಕೇಳಿ ತಿಳಿಯಲಿಲ್ಲ.

ಮೊಮ್ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಸಂಜೆಯಾದರೆ ಮನೆ ತುಂಬುತ್ತದೆ, ಕೊರತೆಯೇನೂ ಇಲ್ಲ. ತಡೆಯಬೇಕಾದ ಮಗುವಿಲ್ಲದಿದ್ದರೂ ನಾನು ದಿನವೂ ಆ ಗೆರೆ ಎಳೆಯುತ್ತೇನೆ. ಇಂದು ತೊಳೆದ ಎಲೆಯ ಮೇಲೆ ಬಡಿಸಿ, ದೇವರಿಗೆ ಅರ್ಪಿಸಿ, ಮಡಿ ಬಿಟ್ಟು ಹೊಸ್ತಿಲಿಗೆ ಬಂದೆ. ಪಡಸಾಲೆಯ ಗೋಡೆಯಲ್ಲಿ ಆಕೆ ತಲೆಯೊರಗಿಸುತ್ತಿದ್ದ ಕಡೆಯ ಎಣ್ಣೆಜಿಡ್ಡು, ಸುಣ್ಣ ಬಳಿದರೂ ಇನ್ನೂ ಮಾಸಿಲ್ಲ. ಸ್ವಲ್ಪ ಹೊತ್ತು ಈಚೆ ದಂಡೆಯಲ್ಲೇ ನಿಂತಿದ್ದೆ. ಆಮೇಲೆ, ಗೆರೆ ಅಳಿಸದಂತೆ ಕಾಲೆತ್ತಿ ದಾಟಿದೆ.