ಏಳು ಗಂಟೆಗೆ ಮೊದಲಿನ ಬಸ್ಸು

ನಗರಸಭೆಯ ಮೂರನೇ ಮಹಡಿಯಲ್ಲಿ, ಸಾರಿಗೆ ಯೋಜನೆ ಎಂಬ ಫಲಕದ ಕೆಳಗಿನ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಕೂತವರನ್ನು ಎಲ್ಲರೂ ನಕ್ಷೆಯಪ್ಪ ಎನ್ನುತ್ತಾರೆ. ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ. ಯಾವ ಬೀದಿಗೆ ಯಾವ ಬಸ್ಸು, ಯಾವ ತಿರುವಿಗೆ ಸಿಗ್ನಲ್ಲು, ಯಾವ ನಿಲ್ದಾಣಕ್ಕೆ ನೆರಳು ಎಂದು ಹೇಳುವುದು ಅವರ ಕೆಲಸ. ಹೇಳುವುದಷ್ಟೇ, ಕೇಳುವವರು ಕೇಳಿದರೆ ಉಂಟು. ಹದಿನಾರು ವರ್ಷದ ಹಿಂದೆ ಅವರು ಯೋಜಿಸಿದ ಪಾದಚಾರಿ ಸೇತುವೆ ಇನ್ನೂ ಗೋಡೆಗೆ ಅಂಟಿಸಿದ ಕಾಗದದಲ್ಲೇ ಇದೆ. "ನಿಮ್ಮ ಸೇತುವೆ ಮೇಲೆ ಜಿರಳೆಗಳು ದಾಟ್ತಾ ಇವೆ, ಪುಣ್ಯ ಬರುತ್ತೆ ಬಿಡಿ" ಎಂದು ಪಕ್ಕದ ಮೇಜಿನ ಗುಮಾಸ್ತ ಛೇಡಿಸುತ್ತಾನೆ. ಮೊದಮೊದಲು ಅವರಿಗೆ ಸಿಟ್ಟು ಬರುತ್ತಿತ್ತು. ಈಗ ನಕ್ಕುಬಿಡುತ್ತಾರೆ. ಸಿಟ್ಟಿಗೂ ಮೈಯಲ್ಲಿ ಕಸುವು ಬೇಕಲ್ಲ.

ಆ ವರ್ಷ ಮೇಲಿನಿಂದ ಆದೇಶ ಬಂತು: ಜನ ಕಡಿಮೆಯಿರುವ ಬಸ್ ಮಾರ್ಗಗಳನ್ನು ನಿಲ್ಲಿಸಬೇಕು. ನಕ್ಷೆಯಪ್ಪ ಎಣಿಕೆ ಮಾಡಿಸಿ, ಕೂಡಿ ಭಾಗಿಸಿ, ಮೂರು ಮಾರ್ಗಗಳ ಪಟ್ಟಿಗೆ ಸಹಿ ಹಾಕಿದರು. ಅದರಲ್ಲಿ ಹದಿನೇಳನೇ ನಂಬರೂ ಒಂದು. ಗುರುವಾರದ ಸಭೆಯಲ್ಲಿ ಒಪ್ಪಿಗೆ ಸಿಕ್ಕರೆ ತಿಂಗಳ ಕೊನೆಗೆ ಬಸ್ಸು ಬಂದ್.

ಸೋಮವಾರ ಮಂಡಿನೋವಿಗೆ ನಿದ್ದೆ ಹಾರಿಹೋಗಿ, ಅವರು ಆರೂವರೆಗೇ ಕಚೇರಿಗೆ ಬಂದರು. ನೆಲ ಒರೆಸುವ ಅಕ್ಕ ಆಗಲೇ ಬಕೆಟ್ಟು ತುಂಬಿಕೊಂಡಿದ್ದಳು.

"ಏನ್ ಸಾರ್, ಇಷ್ಟು ಬೇಗ? ಮನೇಲಿ ಅಮ್ಮಾವ್ರು ಓಡಿಸಿದ್ರಾ?"

"ಮಂಡಿ ಓಡಿಸ್ತು ಕಣಮ್ಮ. ನೀನು ಇಷ್ಟೊತ್ತಿಗೆ ಹೇಗೆ ಬರ್ತೀಯ?"

"ಹದಿನೇಳರಲ್ಲಿ, ಐದೂಕಾಲರ ಬಸ್ಸು. ಅದನ್ನ ನಿಲ್ಲಿಸ್ತಾರಂತೆ. ಯಾವ ಪುಣ್ಯಾತ್ಮನ ತಲೆಗೆ ಹೊಳೀತೋ! ಅದು ಹೋದ್ರೆ ಆರು ಮೈಲಿ ನಡೀಬೇಕು, ಇಲ್ಲ ಕೆಲಸ ಬಿಡಬೇಕು. ಆಸ್ಪತ್ರೆ ಆಯಾಗಳೂ ಹಂಗೇ ಅಂತಿದ್ರು."

ಪುಣ್ಯಾತ್ಮರು ಚೀಲವನ್ನು ಮೇಜಿನ ಮೇಲೆ ನಿಧಾನವಾಗಿ ಇಟ್ಟರು. "ಅದರಲ್ಲಿ ಜನಾನೇ ಇರಲ್ವಲ್ಲಮ್ಮ."

"ಇರಲ್ವಾ? ಎಳ್ಳು ಚೆಲ್ಲಿದ್ರೆ ನೆಲಕ್ಕೆ ಬೀಳಲ್ಲ ಸಾರ್!"

ಅವಳು ಆಚೆ ಹೋದ ಮೇಲೆ ಅವರು ಎಣಿಕೆಯ ಹಾಳೆಗಳನ್ನು ತೆಗೆದು ನೋಡಿದರು. ಪ್ರತಿ ಹಾಳೆಯ ನೆತ್ತಿಯಲ್ಲೂ ಅಚ್ಚಾಗಿತ್ತು: ಬೆಳಿಗ್ಗೆ ಏಳರಿಂದ. ಇಪ್ಪತ್ತು ವರ್ಷದ ಹಿಂದೆ ಆ ನಮೂನೆ ಮಾಡಿದವರು ಅವರೇ. ಎಣಿಸುವವರು ನಿಲ್ದಾಣಗಳಿಗೆ ಬಸ್ಸಿನಲ್ಲೇ ಬರಬೇಕಿತ್ತು, ಅವರು ಬಂದು ಮುಟ್ಟುವುದು ಏಳಕ್ಕೆ. ಹಾಗಾಗಿ ಇಡೀ ನಗರಕ್ಕೆ ಏಳಕ್ಕೇ ಬೆಳಗಾಗುತ್ತಿತ್ತು. ಅದಕ್ಕೆ ಮೊದಲೇ ಎದ್ದು ಹೊರಟವರು ಯಾವ ಹಾಳೆಯಲ್ಲೂ ಇರಲಿಲ್ಲ.

ಮರುದಿನ ನಸುಕಿಗೇ ಟಾರ್ಚು ಹಿಡಿದು ಹೊರಟಾಗ ಹೆಂಡತಿ ಬಾಗಿಲಲ್ಲಿ ನಿಂತು, "ಎಣಿಸಲೇಬೇಕು ಅಂದ್ರೆ ನಿಮ್ಮ ಮಾತ್ರೆ ಎಣಿಸಿ. ಎರಡು ದಿನದಿಂದ ಒಂದೂ ಖರ್ಚಾಗಿಲ್ಲ" ಎಂದರು. ಹಾಗೆಂದವರೇ ಮಫ್ಲರು ತಂದು ಅವರ ಕುತ್ತಿಗೆಗೆ ಸುತ್ತಿದರು.

ಹದಿನೇಳರ ನಿಲ್ದಾಣದ ಕತ್ತಲಲ್ಲಿ ನಿಂತು ಎಣಿಸಿದರು: ಐದೂಕಾಲರ ಬಸ್ಸಿನಲ್ಲಿ ಐವತ್ತೆಂಟು ಜನ. ಆರಕ್ಕೆ ಬಂದದ್ದರಲ್ಲಿ ಅರವತ್ತಮೂರು. ಕಂಬಿ ಹಿಡಿದು ನಿಂತಲ್ಲೇ ನಿದ್ದೆ ಮಾಡುವ ಹೆಂಗಸರು, ಹತಾರಗಳ ಚೀಲವನ್ನು ಕಾಲಸಂದಿಯಲ್ಲಿಟ್ಟುಕೊಂಡ ಗಂಡಸರು. ಏಳರ ನಂತರ ಅದೇ ಬಸ್ಸು ನಾಲ್ಕೈದು ಜನರನ್ನು ಹೊತ್ತುಕೊಂಡು ಗಡಗಡ ಎಂದು ಹೋಯಿತು. ಹಾಳೆ ಸುಳ್ಳು ಹೇಳಿರಲಿಲ್ಲ, ಎಣಿಸಲು ಶುರುಮಾಡಿದ್ದೇ ತಡವಾಗಿತ್ತು.

ಬುಧವಾರ ಮುಖ್ಯಾಧಿಕಾರಿಯ ಮುಂದೆ ನಿಂತರು. ಮುಖ್ಯಾಧಿಕಾರಿ ವಯಸ್ಸಿನಲ್ಲಿ ಇವರ ಮಗಳಷ್ಟಿದ್ದವಳು, ಕೆಟ್ಟವಳಲ್ಲ.

"ನೀವೇ ಸಹಿ ಹಾಕಿದ್ದೀರಲ್ಲ ಸಾರ್. ಇದು ತಪ್ಪು ಅಂದ್ರೆ ಹಿಂದಿನ ಎಣಿಕೆಗಳ ಗತಿ ಏನು?"

"ಅವೂ ತಪ್ಪೇ ಇರಬಹುದಮ್ಮ."

"ನಿವೃತ್ತಿಗೆ ಇನ್ನು ಎಂಟು ತಿಂಗಳು. ಹಗ್ಗ ಕೊಟ್ಟು ಕೈ ಯಾಕೆ ಕಟ್ಟಿಸ್ಕೊಳ್ತೀರಿ? ಸುಮ್ಮನಿದ್ದುಬಿಡಿ."

ಸುಮ್ಮನಿರುವುದು ಅವರಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಸೇತುವೆ ಕಾಗದದಲ್ಲೇ ಉಳಿದಾಗಲೂ ಸುಮ್ಮನಿದ್ದರು. ಮೇಜಿಗೆ ಮರಳಿ ಒಂದು ಗಳಿಗೆ ಕಣ್ಣು ಮುಚ್ಚಿದರು. ಏನು ಕೇಳಿಕೊಂಡರೋ, ಕೇಳಿಸಿಕೊಂಡವನಿಗೇ ಗೊತ್ತು. ಆಮೇಲೆ ಪೆನ್ನು ತೆಗೆದು, 'ಈ ನಮೂನೆ ನನ್ನದು, ಇದರ ದೋಷವೂ ನನ್ನದು' ಎಂದು ಶುರುಮಾಡಿ ಒಂದೂವರೆ ಪುಟ ಬರೆದರು. ಅದನ್ನು ಒಯ್ದು ಮುಖ್ಯಾಧಿಕಾರಿಯ ಮೇಜಿನ ಮೇಲಿಟ್ಟರು. ಮುಖ್ಯಾಧಿಕಾರಿ ಓದಿ, ನಿಟ್ಟುಸಿರುಬಿಟ್ಟು, ಕಡತಕ್ಕೆ ಸೇರಿಸಿದಳು.

ಶುಕ್ರವಾರ ಸಂಜೆ ಸಭೆಯ ತೀರ್ಮಾನ ಬಂತು. ಹದಿನೇಳರ ಹಗಲಿನ ಓಡಾಟ ರದ್ದು. ಬೆಳಗಿನ ಮೊದಲ ಎರಡು ಬಸ್ಸುಗಳು ಮುಂದುವರಿಯಲಿ. ಅದರ ಕೆಳಗೇ, ನಮೂನೆ ಮಾಡಿದ ಯೋಜಕರು ಹದಿನೈದು ದಿನದಲ್ಲಿ ವಿವರಣೆ ಕೊಡಬೇಕು, ಅಲ್ಲಿಯವರೆಗೆ ಯಾವ ವರದಿಗೂ ಸಹಿ ಹಾಕಕೂಡದು. "ಕೂತಲ್ಲೇ ನಿವೃತ್ತಿ!" ಎಂದ ಗುಮಾಸ್ತ, ಅವರ ಮುಖ ನೋಡಿ ಕುಡಿಯಲು ನೀರು ತಂದುಕೊಟ್ಟ.

ಸೋಮವಾರ ಅವರು ಮತ್ತೆ ಬೇಗ ಬಂದರು. ಸಹಿ ಹಾಕುವ ಕೆಲಸವಿರಲಿಲ್ಲ, ವಿವರಣೆ ಬರೆಯುವುದಿತ್ತು. ಸರಿಯಾಗಿ ಆರೂವರೆಗೆ ಅಕ್ಕ ಒಳಗೆ ಬಂದಳು.

"ನಮ್ಮ ಬಸ್ಸು ಉಳೀತು ಸಾರ್! ಯಾರೋ ದೊಡ್ಡ ಮನುಷ್ಯರು ಹೇಳಿದ್ರಂತೆ."

"ಹೌದಾ? ಒಳ್ಳೇದಾಯ್ತು."

"ಒಳ್ಳೇದಾಯ್ತು ಅಂತ ಮೆಲ್ಲಗೆ ಅಂದ್ರೆ ಹೆಂಗೆ? ನಿಮಗೇನು, ಸ್ಕೂಟರಿದೆ. ಕಾಲೆತ್ತಿ ಸಾರ್, ಒರೆಸ್ಬೇಕು."

ನಕ್ಷೆಯಪ್ಪ ಮಂಡಿ ಹಿಡಿದುಕೊಂಡು ಎರಡೂ ಕಾಲೆತ್ತಿದರು.