ಗುಲಾಬಿಯ ಕೈಗುಣ

ಕುಂದಾಪುರದ ಕಡಲಂಚಿನ ಕೋಡಿಯ ಕಿಟ್ಟನಿಗೆ ಐವತ್ತು ದಾಟಿದರೂ ಒಂದು ಕಡೆ ಕೂತು ಉಣ್ಣುವುದು ಬಂದಿರಲಿಲ್ಲ. ಬಟ್ಟಲು ಕೈಯಲ್ಲಿ ಹಿಡಿದು ಅಂಗಳದಲ್ಲಿ ತಿರುಗುತ್ತಲೇ ಗಂಜಿ ಕುಡಿಯುವ ಆಸಾಮಿ. ಬಸ್ಸಿಗೆ ಕಾಯಲಾರದೆ ಮುಂದಿನ ಸ್ಟಾಪಿಗೆ ನಡೆದು, ಅಲ್ಲಿಂದ ಅದರ ಮುಂದಿನದಕ್ಕೆ ನಡೆದು, ನಡುದಾರಿಯಲ್ಲಿ ಬಸ್ಸು ತಪ್ಪಿಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಹರೆಯವೆಲ್ಲ ಮೀನಿನ ಲಾರಿ ಓಡಿಸುತ್ತ ಗೋವಾ, ರತ್ನಾಗಿರಿ ಎಂದು ಕಳೆದವನು ಅವನು. ಮದುವೆಯಾದ ಮೇಲೂ ಹೆಂಡತಿ ಗುಲಾಬಿ ಅವನನ್ನು ಕಂಡದ್ದು ಬಂದಾಗ, ಹೋಗುವಾಗ, ಅಷ್ಟೇ.

ತೊಂಬತ್ತೊಂಬತ್ತರಲ್ಲಿ ಕಿಟ್ಟ ಲಾರಿ ಬಿಟ್ಟು ಹಳೆಯ ಪೆಟ್ರೋಲ್ ವ್ಯಾನ್ ಒಂದನ್ನು ಕೊಂಡ. ಮುಂಬೈಯಲ್ಲಿ ಹೋಟೆಲಿಟ್ಟಿದ್ದ ಬ್ರಹ್ಮಾವರದ ಕಡೆಯ ಯಜಮಾನರೊಬ್ಬರು ತೀರ್ಥಯಾತ್ರೆಗೆಂದು ಅದರೊಳಗೆ ಮಡಚುವ ಮಂಚ, ಸ್ಟವ್ ಇಡುವ ಕಟ್ಟೆ, ಕಿಟಕಿಗಳಿಗೆ ಪರದೆ ಎಲ್ಲ ಮಾಡಿಸಿದ್ದರು. ಕಾಶಿಗೆ ಹೋಗಬೇಕಾದ ಗಾಡಿ ಕಿಟ್ಟನ ಕೈಗೆ ಬಂದು ಒಣಮೀನು ಹೊತ್ತಿತು. ಗಂಡ ಹೆಂಡತಿ ಒಣ ಸಿಗಡಿ, ಒಣ ಬಂಗುಡೆ ತುಂಬಿಕೊಂಡು ಶಂಕರನಾರಾಯಣ, ಕೆರಾಡಿ ಎಂದು ಒಳನಾಡು ಸುತ್ತುತ್ತಿದ್ದರು. ಇದ್ದಲ್ಲೇ ಅಡುಗೆ, ಮೀನಿನ ಮೂಟೆಗಳ ಪಕ್ಕದಲ್ಲೇ ನಿದ್ದೆ. ಗುಲಾಬಿಗೆ ಗಂಡ ಪೂರ್ತಿ ಸಿಕ್ಕಿದ್ದು ಆ ವಾಸನೆಯ ಗಾಡಿಯಲ್ಲಿ.

ಸ್ಟೇರಿಂಗಿನ ಪಕ್ಕ ಯಜಮಾನರು ಅಂಟಿಸಿದ್ದ ದೇವಿಯ ಪಟವಿತ್ತು, ಪಟದ ಕೆಳಗೆ ಕಪಾಟಿನ ಬಾಗಿಲಿಗೆ ಇರುವಂಥ ಹಿತ್ತಾಳೆಯ ಗುಂಡಿ. ಹೂ ಹಾಕಲೆಂದೇ ಇಟ್ಟ ಗುಂಡಿ ಎಂದು ಯಾರಿಗಾದರೂ ಅನಿಸಬೇಕು. ಬೆಳಿಗ್ಗೆ ಮಿಂದು, ಮೀನು ಮುಟ್ಟುವ ಮೊದಲು ಗುಲಾಬಿ ಗುಂಡಿಯನ್ನು ಎಳೆದು ಅದಕ್ಕೆ ಅಬ್ಬಲಿಗೆ ಮಾಲೆ ಹಾಕುತ್ತಿದ್ದಳು. ಎಳೆಯದಿದ್ದರೆ ದಾರ ನಿಲ್ಲಲು ಜಾಗವಿರಲಿಲ್ಲ. ರಾತ್ರಿ ಗಾಡಿ ನಿಂತ ಮೇಲೆ ಬಾಡಿದ ಹೂ ತೆಗೆದು ಗುಂಡಿಯನ್ನು ಒಳಗೆ ತಳ್ಳುತ್ತಿದ್ದಳು. ಮೀನಿನ ಕೈಯ ಕಿಟ್ಟ ಅದರ ಹತ್ತಿರ ಸುಳಿಯುತ್ತಿರಲಿಲ್ಲ.

ಹೂ ಹಾಕಿದ ಕೂಡಲೇ ಗಾಡಿ ಸ್ಟಾರ್ಟ್ ಆಗುತ್ತಿತ್ತು. ಆದರೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಒಮ್ಮೆ ಅರಚುವುದು, ಒಮ್ಮೆ ಉಸಿರು ಸಿಕ್ಕಿಕೊಂಡಂತೆ ನಡುಗುವುದು, ಹಿಂದಿನಿಂದ ಕಪ್ಪು ಹೊಗೆ. ಕುಂದಾಪುರದ ಮೆಕ್ಯಾನಿಕ್ ಶೇಖರ ಕಾರ್ಬ್ಯುರೇಟರ್ ಬಿಚ್ಚಿ ತೊಳೆದ, ಪ್ಲಗ್ ಬದಲಿಸಿದ, ಐಡ್ಲಿಂಗ್ ಸ್ಕ್ರೂ ತಿರುಗಿಸಿ ತಿರುಗಿಸಿ ಸೋತ. ದೇವರ ಹೂವಿಗೆ ಅವನೂ ಕೈ ಹಾಕಲಿಲ್ಲ.

"ಗಾಡಿ ಥೇಟ್ ನಿಮ್ಮ್ ಹಾಂಗೇ ಇತ್ತ್. ನಿಂತಲ್ಲ್ ನಿಂತಂಬುದಿಲ್ಲ," ಎಂದು ಗುಲಾಬಿ ನಗುತ್ತಿದ್ದಳು.

ಎರಡು ಸಾವಿರದ ಆರರ ಹೊತ್ತಿಗೆ ಅವಳ ನಗು ಕಡಿಮೆಯಾಗಿತ್ತು. ಮಂಡಿ ನೋವು. ಕುಂದಾಪುರ ಮೀನು ಮಾರ್ಕೆಟ್ಟಿನಲ್ಲಿ ಕೂರಲು ಒಂದು ಜಾಗ ಸಿಗುವುದಿತ್ತು. ಅವಳು ಅದನ್ನು ಹಿಡಿಯೋಣ ಎಂದಳು. ಒಂದೇ ಕಡೆ ದಿನವಿಡೀ ಕೂರುವುದೆಂದರೆ ಕಿಟ್ಟನಿಗೆ ಮೈಯೆಲ್ಲ ಇರುವೆ ಹರಿದ ಹಾಗೆ.

"ನೀ ಬೇಕಾರೆ ಕೂಕೊ. ನಾನ್ ಒಬ್ನೇ ಹೋತೆ. ನೀನಿಲ್ದಿರೆ ಗಾಡಿ ಹೋತಿಲ್ಯಾ?" ಎಂದು ರೇಗಿ ಹೊರಟೇಬಿಟ್ಟ.

ಕೋಡಿಯ ಸೆಕೆಗೆ ಗಾಡಿ ಕೆಮ್ಮುತ್ತ ಕೆಮ್ಮುತ್ತ ಹೇಗೋ ಸ್ಟಾರ್ಟ್ ಆಯಿತು. ಆದರೆ ಕೆರಾಡಿಯ ಡಿಸೆಂಬರ್ ಬೆಳಗಿನ ಚಳಿ ಹಾಗಲ್ಲ. ಕಾಡಿನಂಚಿನ ಮಂಜು ಗಾಜಿನ ಮೇಲೆ ಇಳಿಯುತ್ತಿತ್ತು. ಕೀಲಿ ತಿರುಗಿಸಿದರೆ ಕೊರ್ ಕೊರ್ ಎಂಬ ಸದ್ದು, ಮತ್ತೆ ಮೌನ. ಪ್ಲಗ್ ಒರೆಸಿದ, ಬೈದ, ತಳ್ಳಿಸಿದ, ಗಾಡಿಗೆ ಸುತ್ತು ಬಂದ. ಕೊನೆಗೆ ಬ್ಯಾಟರಿಯೂ ಕೈಬಿಡುವಂತಾಯಿತು. ಚಾದಂಗಡಿಯ ರಾಜೀವಿ ಅವನು ನಿಂತೇ ಕುಡಿದ ಲೋಟ ಇಸಿದುಕೊಂಡು ಕೇಳಿದಳು: "ಹ್ವಾಯ್, ಗುಲಾಬಿ ಇಪ್ಪ ಹೊತ್ತಿಗೆ ಒಂದ್ ದಿನವೂ ಹೀಂಗ್ ಆಯ್ಲಿಲ್ಲ ಅಲ್ದಾ? ಅವ್ಳ್ ಕೈಗುಣ ಕಾಣಿ ಅದ್."

ಕಿಟ್ಟನಿಗೆ ಆ ಮಾತು ನಾಟಿತು. ಬಸ್ಸು ಹಿಡಿದು ಮನೆಗೆ ಹೋದ. ತಪ್ಪಾಯಿತು ಎನ್ನಲಿಲ್ಲ, ಆ ಜಾತಿಯ ಮನುಷ್ಯ ಅಲ್ಲ. "ನಿನ್ ಕೈಗುಣ ಬೇಕಂಬ್ರ್ ಗಾಡಿಗೆ" ಎಂದ, ಅಷ್ಟೇ. ಗುಲಾಬಿಯ ಮುಖ ಅರಳಿದ್ದನ್ನು ಅವನು ನೋಡಲಿಲ್ಲ, ಆಗಲೇ ಅಂಗಳ ದಾಟಿದ್ದ. ಅವಳು ಮಂಡಿ ನೋವನ್ನೂ ಮರೆತು ಜೊತೆಗೆ ಬಂದಳು. ರಾತ್ರಿ ಅಲ್ಲೇ ಉಳಿದು ಮರುದಿನ ಬೆಳಿಗ್ಗೆ ಅದೇ ಮಂಜಿನಲ್ಲಿ ಗುಂಡಿ ಎಳೆದು ಹೂ ಹಾಕಿದಳು. ಕೀಲಿ ತಿರುಗಿಸಿದ್ದೇ ತಡ, ಗಾಡಿ ಎದ್ದು ಕೂತಿತು.

ವಂಡ್ಸೆ ದಾಟಿದ ಮೇಲೆ ರಸ್ತೆಯ ಹೊಂಡಕ್ಕೆ ಗಾಡಿ ಹಾರಿ, ಮಾಲೆಯ ದಾರ ಕಡಿಯಿತು. ಜಾರುವ ಹೂವನ್ನು ಹಿಡಿಯಲು ಹೋದ ಗುಲಾಬಿಯ ಅಂಗೈ ಗುಂಡಿಯನ್ನು ಒಳಕ್ಕೆ ಒತ್ತಿತು. ಒಮ್ಮೆಲೇ ಗಾಡಿಯ ನಡುಕ ನಿಂತಿತು. ಕಿಟ್ಟ ಗಾಡಿಯನ್ನು ಬದಿಗೆ ತಂದ. ಗುಂಡಿ ಎಳೆದರೆ ನಡುಕ, ಒತ್ತಿದರೆ ಶಾಂತ. ಎಳೆದ, ಒತ್ತಿದ, ಮತ್ತೆ ಎಳೆದ. ಡೀಸೆಲ್ ಲಾರಿಯಲ್ಲಿ ಇಂಥದ್ದನ್ನು ಕಾಣದವನಿಗೆ ಆಗ ಹೊಳೆಯಿತು. ಚಳಿಗೆ ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಕೊಡುವ ಚೋಕ್ ಅದು. ಬಿಸಿಯಾದ ಮೇಲೆ ಒಳಗೆ ತಳ್ಳಬೇಕಾದದ್ದನ್ನು ಇವರು ಏಳು ವರ್ಷ ಹೂ ಏರಿಸಿ ದಿನವಿಡೀ ಎಳೆದೇ ಇಟ್ಟಿದ್ದರು. ಮುರಿದ ಹಳೆಯ ಗುಂಡಿಯ ಜಾಗಕ್ಕೆ ಯಜಮಾನರು ಮನೆಯ ಕಪಾಟಿನದನ್ನು ಸಿಕ್ಕಿಸಿದ್ದಿರಬೇಕು.

ಕಿಟ್ಟ ಹೊಟ್ಟೆ ಹಿಡಿದು ನಕ್ಕ. "ಅಯ್ಯ ಮಾರಾಯ್ತಿ, ಕೈಗುಣವೂ ಅಲ್ಲ ಎಂತದೂ ಅಲ್ಲ! ಬರೀ ಚೋಕ್!"

ಗುಲಾಬಿ ನಗಲಿಲ್ಲ. ಮಡಿಲಲ್ಲಿದ್ದ ಹೂಗಳನ್ನು ಒಂದೊಂದಾಗಿ ಆರಿಸಿದಳು. "ಹಾಂಗಾರ್ ಇನ್ನ್ ನಾನ್ ಎಂತಕ್ಕೆ?" ಎಂದಳು.

ಕಿಟ್ಟ ಗೇರ್ ಹಾಕಿದ.

ಮುಂದಿನ ಗುರುವಾರ ಅವನು ಒಬ್ಬನೇ ಹೊರಟ. ಗುಂಡಿ ಎಳೆದ, ಒಂದೇ ಸಲಕ್ಕೆ ಸ್ಟಾರ್ಟ್. ಬಿಸಿಯಾದ ಮೇಲೆ ಒಳಗೆ ತಳ್ಳಿದ. ಬರಿದಾದ ಗುಂಡಿ ಕಣ್ಣಿಗೆ ಚುಚ್ಚುತ್ತಿತ್ತು. ಹೆಮ್ಮಾಡಿಯಲ್ಲಿ ದನಗಳು ರಸ್ತೆ ದಾಟುತ್ತಿದ್ದವು ಎಂದು ನಿಲ್ಲಿಸಿದ. ಎಂಜಿನ್ ಎಷ್ಟು ಮೆತ್ತಗೆ ಓಡುತ್ತಿತ್ತೆಂದರೆ ನಿಂತೇಹೋಯಿತೇನೋ ಅನಿಸಿತು. "ಆಫ್ ಆಯ್ತಾ ಕಾಣ್," ಎಂದು ಪಕ್ಕಕ್ಕೆ ತಿರುಗಿದ. ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ. ಅಷ್ಟು ವರ್ಷ ತಿರುಗಿದವನಿಗೆ ತಾನು ಎಲ್ಲಿಗೆ ಹೋಗುತ್ತಿದ್ದೇನೆ, ಯಾಕೆ ಹೋಗುತ್ತಿದ್ದೇನೆ ಎಂದು ಮೊದಲ ಬಾರಿಗೆ ತಿಳಿಯಲಿಲ್ಲ. ದನಗಳು ದಾಟಿದವು. ಹಿಂದಿನ ಬಸ್ಸು ಹಾರ್ನ್ ಹೊಡೆಯಿತು. ಕಿಟ್ಟ ಗಾಡಿಯನ್ನು ಕುಂದಾಪುರದ ಕಡೆಗೇ ತಿರುಗಿಸಿದ.

ಗುಲಾಬಿ ಜಗಲಿಯಲ್ಲಿ, ತಾನು ಸೋಮವಾರದಿಂದ ಕೂರಲಿದ್ದ ಮಾರ್ಕೆಟ್ಟಿಗೆಂದು ಒಣ ಸಿಗಡಿ ಹಸನು ಮಾಡುತ್ತಿದ್ದಳು.

"ಎಂತಾಯ್ತ್?"

"ಗಾಡಿ ಸ್ಟಾರ್ಟ್ ಆತಿಲ್ಲ," ಎಂದ ಕಿಟ್ಟ. ಅಂಗಳದಾಚೆ ಗಾಡಿ ನಿಂತಲ್ಲೇ ನಿಂತು ಸಣ್ಣಗೆ ಓಡುತ್ತಿತ್ತು. "ಸೋಮಾರದಿಂದ ನಾನೂ ಪ್ಯಾಟಿಯಗೆ ನಿನ್ನ್ ಹತ್ರ ಕೂಕಂತೆ. ಗುರುವಾರ ಒಂದ್ ದಿನ ನೀನ್ ನನ್ ಸಂಗ್ತಿಗೆ ಬಾ. ಹೂವಿಲ್ದೆ ನಂಗೆ ಹೋಪುಕ್ ಆತಿಲ್ಲ."

ಅಷ್ಟು ಹೇಳಿ ಅವನು ಜಗಲಿಯ ಮೇಲೆ ಕೂತ. ಕೂತವನು ಏಳಲಿಲ್ಲ. ಗುಲಾಬಿ ಅವನನ್ನೇ ನೋಡಿದಳು, ಓಡುತ್ತಿದ್ದ ಗಾಡಿಯನ್ನು ನೋಡಿದಳು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದಳು.

"ಸ್ಟಾರ್ಟೇ ಆಗದ್ ಗಾಡಿಗೆ ಎಷ್ಟ್ ಪೆಟ್ರೋಲ್ ಸುಡ್ತ್ರಿ? ಹೋಯ್ ಆಫ್ ಮಾಡಿ. ನಾನ್ ಮಿಂದ್ಕಂಡ್ ಬತ್ತೆ."